ಏನಾಗಬೇಕು?

(ಆಕಾಶವಾಣಿ ಭಾಷಣ)

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಒಂದು ರೂಢಿಯ ಮಾತುಂಟು. ಯಾರೋ ತೀರಿಕೊಂಡರೆಂಬ ಸುದ್ದಿ ಕೇಳಿ ಒಬ್ಬ ಮನುಷ್ಯ ಕೈಯೊಳಗಿನ ಕೆಲಸ ಬಿಟ್ಟು ಹೊರಟನೆಂದರೆ, ದಾರಿಯಲ್ಲಿ ಎದುರಾದವರು ಮೊದಲು ಕೇಳುವ ಪ್ರಶ್ನೆ, "ಅವರು ನಿಮಗ ಏನಾಗಬೇಕು?" ಎಂಬುದು. ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಷಡ್ಡಕ ಆಗಬೇಕು, ಬೀಗರು ಆಗಬೇಕು, ದೂರದಿಂದ ಅಣ್ಣ ಆಗಬೇಕು. ಕೇಳಿದವನು ತಲೆದೂಗಿ ದಾರಿ ಬಿಡುತ್ತಾನೆ. ಇರುವ ಸಂಬಂಧವನ್ನು ಹೇಳುವುದಕ್ಕೆ, ಇನ್ನೂ ಆಗದಿರುವುದನ್ನು ಸೂಚಿಸುವ ಈ ‘ಬೇಕು’ ಎಲ್ಲಿಂದ ಬಂದಿತೋ ವೈಯಾಕರಣರು ವಿಚಾರಿಸಲಿ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದ ನನಗೆ ಆ ವಿಚಾರ ಎಂದೂ ಹೊಳೆದಿರಲಿಲ್ಲ. ಹೊಳೆಯಿಸಿದವರು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ಸೋದರಮಾವ.

ಈ ಪ್ರಶ್ನೆಗೆ ಉತ್ತರವಿಲ್ಲದ ಒಂದು ಬಗೆಯ ದುಃಖವುಂಟು. ಎಲ್ಲಿಯೋ ಒಬ್ಬ ಆಟಗಾರ ಸಾಯುತ್ತಾನೆ. ಅವನು ಆಟ ಬಿಟ್ಟು ದಶಕಗಳೇ ಕಳೆದಿರುತ್ತವೆ. ಅವನೊಡನೆ ಒಂದು ಮಾತನ್ನೂ ಆಡದ, ಅವನ ಮನೆಯ ಹೊಸ್ತಿಲನ್ನೂ ಕಾಣದ ಸಾವಿರಾರು ಜನ ಒಲೆ ಆರಿದ ಮನೆಯವರಂತೆ ಕುಳಿತುಬಿಡುತ್ತಾರೆ. ಅವರನ್ನು ‘ಅಭಿಮಾನಿಗಳು’ ಎಂದು ಕರೆದು ನಾವು ಮುಂದೆ ಹೋಗುತ್ತೇವೆ. ಆ ಶಬ್ದದಲ್ಲಿ ತುಸು ತಾತ್ಸಾರವೂ ಬೆರೆತಿರುತ್ತದೆ. ನನ್ನಲ್ಲಿಯೂ ಅದು ಇತ್ತೆಂಬುದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಹೊತ್ತು ನಾನು ಮಾತನಾಡುತ್ತಿದ್ದೇನೆ.

2017ರ ಆಗಸ್ಟ್ ತಿಂಗಳು. ಗಣೇಶನ ಹಬ್ಬಕ್ಕೆಂದು ಬನಹಟ್ಟಿಗೆ ಮಾವನ ಮನೆಗೆ ಹೋದವನು ನಾಲ್ಕು ದಿನ ಅಲ್ಲಿಯೇ ಉಳಿದಿದ್ದೆ. ಮಾವನಿಗೆ ಆಗ ಎಂಬತ್ತೈದು. ಕಣ್ಣು ಮಂದವಾಗಿದ್ದವು, ಕಿವಿ ಮಾತ್ರ ಚುರುಕು. ಓಣಿಯ ತುಂಬ ಮಗ್ಗಗಳ ಸದ್ದು; ಆ ಸದ್ದಿನ ನಡುವೆಯೂ ಕೇಳುವಂತೆ ನಾನು ಕಟ್ಟೆಯ ಮೇಲೆ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಮಳೆ, ಬೆಳೆ, ಕೃಷ್ಣೆಯ ನೀರು, ರಾಜಕಾರಣ ಎಲ್ಲ ಮುಗಿದು, ಆಟದ ಪುಟಕ್ಕೆ ಬಂದು, ಹಳೆಯ ಕಾಲ್ಚೆಂಡಾಟಗಾರ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ನಿಧನರಾದರು, ಅವರಿಗೆ ತೊಂಬತ್ತು ವರ್ಷವಾಗಿತ್ತು, ಎಂದು ಓದಿದೆ. ಓದಿ ಪುಟ ತಿರುವಿದೆ. ಮಾವ ಎದ್ದು ನಿಂತಿದ್ದರು. "ಇನ್ನೊಮ್ಮೆ ಓದು, ತಮ್ಮಾ" ಎಂದರು. ಓದಿದೆ. ಗೋಡೆ ಹಿಡಿದುಕೊಂಡು ಹಿತ್ತಲಕ್ಕೆ ನಡೆದರು. ಸ್ವಲ್ಪ ಹೊತ್ತಿಗೆ ನೀರು ಸುರಿದ ಸದ್ದು. ಹೋಗಿ ನೋಡಿದರೆ, ಉಟ್ಟ ಧೋತರ, ತೊಟ್ಟ ಅಂಗಿಯ ಮೇಲೆಯೇ ತಣ್ಣೀರನ್ನು ತಲೆಗೆ ಸುರಿದುಕೊಂಡು ನಿಂತಿದ್ದಾರೆ. ದೂರದಲ್ಲಿ ತೀರಿಕೊಂಡ ರಕ್ತಸಂಬಂಧಿಯ ಸುದ್ದಿ ಬಂದಾಗ ಹಿರಿಯರು ಹಾಗೆ ಮಾಡುವುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೆ.

ಮೊಮ್ಮಕ್ಕಳು ನಕ್ಕವು. ಸೊಸೆಯಂದಿರು ಸೆರಗು ಬಾಯಿಗೆ ಇಟ್ಟುಕೊಂಡರು. ನಾನೂ ನಕ್ಕೆ. ನಕ್ಕು, ಪ್ರಾಧ್ಯಾಪಕನ ಗತ್ತಿನಲ್ಲಿಯೇ ಕೇಳಿದೆ: "ಮಾಮಾ, ಅಹ್ಮದ್ ಖಾನರು ನಿಮಗ ಏನಾಗಬೇಕು?"

ನೀರು ಸೋರುವ ಮುಖವನ್ನು ಒರೆಸಿಕೊಳ್ಳದೆ ಮಾವ ಹೇಳಿದರು: "ಆಂವ ನನಗ ಏನೂ ಆಗಬೇಕಾಗಿಲ್ಲ. ನಾನs ಅವಗ ಏನೋ ಆಗಬೇಕು." ಅಷ್ಟು ಹೇಳಿ ಒಳಗೆ ಹೋದರು. ಆ ದಿನ ಮಧ್ಯಾಹ್ನ ಉಣ್ಣಲಿಲ್ಲ. ವಯಸ್ಸಿನ ಭ್ರಮೆ ಎಂದು ನಾವೆಲ್ಲ ತೀರ್ಮಾನಿಸಿದೆವು.

ಮಾವನ ಹಿಂದಿನ ಕಥೆ ನನಗೆ ಗೊತ್ತಿರಲಿಲ್ಲವೆಂದಲ್ಲ. ನೇಕಾರರ ಮನೆಯ ಹಿರಿಯ ಮಗ, ಮಗ್ಗ ಬಿಟ್ಟು ಸೈನ್ಯ ಸೇರಿದವರು. 1954ರ ಸುಮಾರಿಗೆ ಕಲಕತ್ತೆಯ ಫೋರ್ಟ್ ವಿಲಿಯಮ್ ಕೋಟೆಯಲ್ಲಿ ಅವರ ಠಾಣ್ಯ. ನಮ್ಮ ಸೀಮೆ ಆಗ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆ. ಬೆಂಗಳೂರು ಮೈಸೂರು ರಾಜ್ಯ. ಎರಡಕ್ಕೂ ಇನ್ನೂ ಒಂದೇ ಹೆಸರಿರಲಿಲ್ಲ. ಬಂಗಾಲಿ ತಿಳಿಯದ, ಹಿಂದಿ ಅರ್ಧಮರ್ಧ ಬರುತ್ತಿದ್ದ ಬನಹಟ್ಟಿಯ ಹುಡುಗನಿಗೆ ಆ ಮಹಾನಗರದಲ್ಲಿ ಕನ್ನಡದ ಒಂದು ಶಬ್ದವೂ ಕಿವಿಗೆ ಬೀಳುತ್ತಿರಲಿಲ್ಲ. ಕೋಟೆಯ ಮಗ್ಗುಲಿಗೇ ವಿಶಾಲವಾದ ಮೈದಾನ. ಅಲ್ಲಿಯೇ ದೊಡ್ಡ ಕ್ಲಬ್ಬುಗಳ ಆಟದ ಅಂಗಳಗಳು. ಕಲಕತ್ತೆಯಲ್ಲಿ ಕಾಲ್ಚೆಂಡಿನ ಸುಗ್ಗಿ ಮಳೆಗಾಲದಲ್ಲಿ. ಟಿಕೀಟು ಸಿಕ್ಕವರು ಒಳಗೆ, ಸಿಗದವರು ಹೊರಗಿನ ದಿಬ್ಬದ ಮೇಲೆ. ನಮ್ಮ ಮಾವ ದಿಬ್ಬದವರು. ಅಲ್ಲಿ ಸಾವಿರಾರು ಕಂಠಗಳಲ್ಲಿ ‘ಅಹ್ಮದ್, ಅಹ್ಮದ್’ ಎಂಬ ಕೂಗು ಕೇಳಿ ಯಾರವನು ಎಂದು ವಿಚಾರಿಸಿದಾಗ, ಬೆಂಗಳೂರಿನವನು ಎಂದು ಗೊತ್ತಾಯಿತಂತೆ.

ಆ ಅಹ್ಮದ್ ಖಾನ್ ಯಾರು? 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ತಂಡ ಫ್ರಾನ್ಸ್ ದೇಶದ ಮೇಲೆ ಆಡಿತಲ್ಲ, ಬಹುಪಾಲು ಆಟಗಾರರು ಬರಿಗಾಲಿನಲ್ಲಿ ಇಳಿದಿದ್ದರಲ್ಲ, ಆ ತಂಡದಲ್ಲಿ ಇದ್ದವರು. ಆ ಪಂದ್ಯವನ್ನು ನಾವು 1-2ರಿಂದ ಸೋತೆವು. ನಮ್ಮ ಒಂದು ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಆಟಗಾರ ಎಸ್. ರಾಮನ್. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅಹ್ಮದ್ ಇದ್ದರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಬಳುಕುತ್ತ ಎದುರಾಳಿಗಳ ನಡುವೆ ನುಸುಳುವ ಅವರಿಗೆ ‘ಹಾವಾಡಿಗ’ ಎಂಬ ಬಿರುದು ಅಂಟಿತ್ತು. 1949ರಿಂದ ಹತ್ತು ವರ್ಷ ಅವರು ಆಡಿದ್ದು ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ.

ಆ ಕ್ಲಬ್ಬಿನ ಮುಂಪಂಕ್ತಿಯಲ್ಲಿ ಐವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಹೆಸರುಗಳನ್ನು ಕೇಳಿದಿರಲ್ಲ, ಒಬ್ಬನೂ ಬಂಗಾಲಿಯಲ್ಲ, ಎಲ್ಲರೂ ದಕ್ಷಿಣದವರು. ಕಲಕತ್ತೆಯ ಜನ ಈ ಐವರಿಗೆ ಇಟ್ಟ ಹೆಸರು ‘ಪಂಚಪಾಂಡವರು’. ಐವರಲ್ಲಿ ಇಬ್ಬರು ಮುಸಲ್ಮಾನರು, ಆದರೂ ಪಾಂಡವರೇ. 1949, 50, 51, ಮೂರು ವರ್ಷ ಒಂದೇ ಸವನೆ ಐ.ಎಫ್.ಎ. ಶೀಲ್ಡ್ ಗೆದ್ದು ತಂದರು. ಅವರನ್ನು ಪಾಂಡವರೆಂದು ಕರೆದವರು ಯಾರೆಂಬುದನ್ನೂ ನೋಡಬೇಕು. 1947ರ ವಿಭಜನೆಯಲ್ಲಿ ಮನೆ, ಹೊಲ, ಕೆರೆ, ದೇವರಗುಡಿ ಎಲ್ಲವನ್ನೂ ಪೂರ್ವ ಬಂಗಾಲದಲ್ಲಿ ಬಿಟ್ಟು ಬಂದು ರೈಲು ನಿಲ್ದಾಣಗಳಲ್ಲಿ ಮಲಗಿದ ಜನ. ಅವರಿಗೆ ಉಳಿದಿದ್ದ ಊರೆಂದರೆ 1920ರಲ್ಲಿ ಸ್ಥಾಪನೆಯಾಗಿದ್ದ ಆ ಕ್ಲಬ್ಬಿನ ಹೆಸರೊಂದೇ. ವನವಾಸದವರಿಗೆ ಪಾಂಡವರಲ್ಲದೆ ಮತ್ತಾರು ನೆನಪಾದಾರು? ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರು ಕಳೆದುಕೊಂಡ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಳುಗಿದ ಹಳ್ಳಿಯ ಹೆಸರನ್ನೇ ದಿಬ್ಬದ ಮೇಲಿನ ಹೊಸ ವಸತಿಗೆ ಇಟ್ಟುಕೊಂಡವರು ಅವರು.

ಈಸ್ಟ್ ಬೆಂಗಾಲಿನ ಬಣ್ಣ ಕೆಂಪು-ಹಳದಿ. ಮಾವನ ಬಾಯಲ್ಲಿ ಅದು ‘ಅರಿಷಿಣ-ಕುಂಕುಮ’. ಎಷ್ಟೋ ವರ್ಷಗಳ ತರುವಾಯ ನಮ್ಮ ಊರಲ್ಲಿ ಕನ್ನಡದ ಬಾವುಟ ಹಾರಿದಾಗ, "ಇದು ನಮ್ಮ ಕ್ಲಬ್ಬಿನ ಬಣ್ಣ" ಎಂದು ಅವರು ಹೇಳಿ ಎಲ್ಲರನ್ನೂ ತಬ್ಬಿಬ್ಬು ಮಾಡಿದ್ದರು.

ಇನ್ನೊಂದು ಸಂಗತಿಯನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಅದು ಅವರು ಕಣ್ಣಾರೆ ಕಂಡದ್ದಲ್ಲ, ದಿಬ್ಬದ ಮೇಲೆ ಕೇಳಿದ್ದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯ. ಚಳಿಯ ನಾಡಿನ ಅಂಗಳ, ನಮ್ಮವರಲ್ಲಿ ಹಲವರು ಬರಿಗಾಲು. ಒಂದರ ಮೇಲೊಂದು ಹತ್ತು ಗೋಲುಗಳು ನಮ್ಮ ಮೇಲೆ ಬಿದ್ದವು. ಆಟದ ಅವಧಿ ತೊಂಬತ್ತು ನಿಮಿಷ. ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಅಹ್ಮದ್ ಖಾನ್ ಒಂದು ಗೋಲು ಹೊಡೆದರು. ಹತ್ತಕ್ಕೆ ಒಂದು. ಲೆಕ್ಕದ ದೃಷ್ಟಿಯಿಂದ ಅದಕ್ಕೆ ಏನೂ ಬೆಲೆಯಿಲ್ಲ. ಆದರೆ ಮಾವ ಆ ಸಂಗತಿಯನ್ನು ಹೇಳುವಾಗ ಉಳಿದ ಹತ್ತು ಗೋಲುಗಳನ್ನು ಒಂದೇ ಉಸಿರಿಗೆ ಮುಗಿಸಿ, ಈ ಒಂದರ ಬಳಿ ನಿಂತುಬಿಡುತ್ತಿದ್ದರು. "ಎಲ್ಲಾ ಮುಗದ ಮ್ಯಾಲೂ ಆಂವ ಓಡತಿದ್ದಾ ನೋಡು" ಎನ್ನುತ್ತಿದ್ದರು. ನಾನು ಹೂಂಗುಟ್ಟಿ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದೆ.

ನಮ್ಮ ಕಡೆ ಕಾಲ್ಚೆಂಡಿಗೆ ಅಂಥ ಮಾನವಿಲ್ಲ. ಇಲ್ಲಿ ಆಟವೆಂದರೆ ಕುಸ್ತಿ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು, ಕಾರಹುಣ್ಣಿಮೆಗೆ ಎತ್ತು ಓಡಿಸುವುದು. ಇತ್ತೀಚೆಗೆ ಸೈಕಲ್ ಓಟ. ಪೈಲವಾನರ ಸಾವಿಗೆ ಹತ್ತು ಹಳ್ಳಿಗಳ ಜನ ಕೂಡಿದ್ದನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಒಬ್ಬ ಮುದಿ ಪೈಲವಾನನ ಹೆಣದ ಎದೆಯ ಮೇಲೆ ಅವನ ಶಿಷ್ಯನೊಬ್ಬ ತಾಲೀಮಿನ ಕೆಂಪು ಮಣ್ಣನ್ನು ಒಂದು ಹಿಡಿ ತಂದು ಹಾಕಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆದರೆ ಆ ಪೈಲವಾನ ನಮ್ಮವ. ಅವನು ಹಿಡಿದ ಪಟ್ಟುಗಳನ್ನು ನಾವು ಕಂಡವರು. ಕಲಕತ್ತೆಯ ಕ್ಲಬ್ಬಿನ ಆಟಗಾರನಿಗಾಗಿ ಬನಹಟ್ಟಿಯಲ್ಲಿ ಒಬ್ಬರೇ ಒಬ್ಬರು ತಲೆಯ ಮೇಲೆ ನೀರು ಸುರಿದುಕೊಂಡರೆ ಅದು ನಗೆಗೆ ಈಡಾಗುವುದು ಸಹಜ. ದುಃಖಕ್ಕೂ ಜೊತೆಗಾರರು ಬೇಕು. ಗುಂಪಿನಲ್ಲಿ ಅಳುವವನು ಭಕ್ತ, ಒಬ್ಬನೇ ಅಳುವವನು ಮರುಳ.

2019ರಲ್ಲಿ ಮಾವ ತೀರಿಕೊಂಡರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಅತ್ತೆ ಅವರ ತಗಡಿನ ಟ್ರಂಕನ್ನು ತೆರೆದು ನನ್ನ ಮುಂದಿಟ್ಟರು. ಸೈನ್ಯದ ಕಾಗದಗಳು, ಒಂದು ಉಣ್ಣೆಯ ಟೋಪಿ, ಬಂಗಾಲಿ ಪತ್ರಿಕೆಯಿಂದ ಕತ್ತರಿಸಿದ, ಮಡಿಕೆಯಲ್ಲಿ ಹರಿದುಹೋದ ಒಂದು ಚಿತ್ರ. ಚಿತ್ರದಲ್ಲಿ ಮಳೆಯ ಅಂಗಳ, ಯಾರ ಮುಖವೂ ಸ್ಪಷ್ಟವಿಲ್ಲ. ಅದರ ಜೊತೆಗೆ ಒಂದು ತಂತಿ. 1955ರ ಆಷಾಢದಲ್ಲಿ ಬನಹಟ್ಟಿಯಿಂದ ಹೊರಟದ್ದು. ಅವರ ತಂದೆ, ಎಂದರೆ ನಾನು ಕಾಣದ ನನ್ನ ತಾಯಿಯ ತಂದೆ, ತೀರಿಕೊಂಡ ಸುದ್ದಿ.

ಅತ್ತೆ ಹೇಳಿದ್ದನ್ನು ಅವರ ಮಾತಿನಲ್ಲಿಯೇ ಹೇಳಿದರೆ ಚೆನ್ನಾಗಿತ್ತು, ನನ್ನಿಂದ ಆಗದು. ತಂತಿ ಕೈಗೆ ಬರುವಷ್ಟರಲ್ಲಿ ಮಣ್ಣು ಮುಗಿದುಹೋಗಿತ್ತು. ಕಲಕತ್ತೆಯಿಂದ ಹೊರಟು, ಗಾಡಿಗಳನ್ನು ಬದಲಿಸಿ, ಮಳೆಗಾಲದ ಕೃಷ್ಣೆಯನ್ನು ದಾಟಿ ಊರು ಮುಟ್ಟುವುದರೊಳಗೆ ದಿನಕರ್ಮಗಳೂ ಮುಗಿಯುತ್ತಿದ್ದವು. ಬರಾಕಿನಲ್ಲಿ ಸಿಪಾಯಿ ಅಳುವಂತಿಲ್ಲ. ಅತ್ತರೆ ಯಾವ ಭಾಷೆಯಲ್ಲಿ ಅಳಬೇಕು? ಸಂಜೆ ಕಾಲು ಎಳೆದತ್ತ ನಡೆದು ದಿಬ್ಬ ಏರಿದರು. ಮಳೆ ಹೊಯ್ಯುತ್ತಿತ್ತು, ಆಟ ನಡೆದಿತ್ತು. ಅಹ್ಮದ್‌ನ ಕಾಲಿಗೆ ಚೆಂಡು ಸಿಕ್ಕಿತು. ಜನ ಎದ್ದು ಕೂಗಿದರು. ಮಾವನೂ ಕೂಗಿದರು. ಎಲ್ಲರ ಕೂಗು ನಿಂತ ಮೇಲೂ ಅವರದು ನಿಲ್ಲಲಿಲ್ಲ, ಅದು ಅಳುವಾಗಿಬಿಟ್ಟಿತ್ತು. ಪಕ್ಕದಲ್ಲಿದ್ದ ಒಬ್ಬ ಬಂಗಾಲಿ ಮುದುಕ ಇವರಿಗೆ ಆನಂದಬಾಷ್ಪ ಬಂದಿದೆಯೆಂದು ತಿಳಿದನೋ, ನಿಜವನ್ನೇ ತಿಳಿದನೋ, ತನ್ನ ಧೋತರದ ಚುಂಗಿನಿಂದ ಇವರ ಕಣ್ಣು ಒರೆಸಿ, ಆಟ ಮುಗಿಯುವವರೆಗೆ ಕೈ ಹಿಡಿದುಕೊಂಡೇ ನಿಂತಿದ್ದನಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದು ಬಿಟ್ಟರೆ ಮಾವ ಇದನ್ನು ಮತ್ತೆ ಯಾರಿಗೂ ಹೇಳಿರಲಿಲ್ಲ.

"ನಾನs ಅವಗ ಏನೋ ಆಗಬೇಕು." ನನಗೆ ಆ ಮಾತಿನ ಅರ್ಥ ಆಗ ತಿಳಿಯಿತು. ನಾನು ನಕ್ಕದ್ದೂ ನೆನಪಾಯಿತು.

ಮನೆಗೆ ಬಂದವನು ಗದಾಯುದ್ಧವನ್ನು ತೆಗೆದೆ. ರನ್ನನ ಮುಧೋಳ ನಮಗೆ ನೆರೆಯೂರು. ಬಳೆಗಾರರ ಕುಲದಲ್ಲಿ ಹುಟ್ಟಿ, ಚಾಲುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಕವಿಯಾದವನು. ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕಾವ್ಯ ಬರೆದವನು. ಹಾಗಿದ್ದೂ ಓದುಗನ ಕಣ್ಣಲ್ಲಿ ನೀರು ತರಿಸುವುದು ಸೋತ ದುರ್ಯೋಧನನಿಗಾಗಿ. ಸಂಜಯನೊಡನೆ ರಣರಂಗದ ಹೆಣಗಳ ನಡುವೆ ಅವನು ನಡೆದು ಹೋಗುವ ಭಾಗವನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ‘ಇಲ್ಲಿ ಕರುಣರಸ’ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಗೆ ಐದು ಅಂಕ. ಆ ರಾತ್ರಿ ಓದುವಾಗ ಬೇರೆಯದೇ ಒಂದು ಸಂಗತಿ ಕಂಡಿತು. ದುರ್ಯೋಧನ ನಿಂತು ಅಳುವ ಹೆಣಗಳಲ್ಲಿ ತಮ್ಮ ದುಶ್ಶಾಸನನಿದ್ದಾನೆ, ಮಗ ಲಕ್ಷಣಕುಮಾರನಿದ್ದಾನೆ. ಅದು ರಕ್ತದ ಅಳು. ಆದರೆ ವೈರಿಯ ಮಗ ಅಭಿಮನ್ಯುವಿನ ಮುಂದೆಯೂ ಅವನು ನಿಲ್ಲುತ್ತಾನೆ, ಕೈಮುಗಿಯುತ್ತಾನೆ, ತನಗೂ ಅಂಥ ಸಾವು ಬರಲೆಂದು ಬೇಡುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ ಅವನ ಎದೆ ಒಡೆಯುವುದು ಕರ್ಣನ ಮುಂದೆ. ಕರ್ಣ ದುರ್ಯೋಧನನಿಗೆ ಏನಾಗಬೇಕು? ಕರ್ಣ ಕುಂತಿಯ ಮಗನೆಂಬುದು ತನಗೆ ತಿಳಿದಿತ್ತೆಂದು ರನ್ನನ ದುರ್ಯೋಧನ ಹೇಳಿಕೊಳ್ಳುತ್ತಾನೆ. ರಕ್ತದ ಲೆಕ್ಕಕ್ಕೆ ಆತ ವೈರಿಗಳ ಅಣ್ಣ. ದುರ್ಯೋಧನನಿಗೆ ಅವನು ಏನೂ ಆಗಬೇಕಾಗಿಲ್ಲ. ದುರ್ಯೋಧನನೇ ಅವನಿಗೆ ಸಾಲಗಾರ.

ಈ ಋಣದ ಲೆಕ್ಕವನ್ನು ನಮ್ಮ ಹಿರಿಯರು ಕಾವ್ಯದಲ್ಲಿ ಮಾತ್ರ ಇಟ್ಟವರಲ್ಲ, ಕಲ್ಲಿನಲ್ಲಿಯೂ ಇಟ್ಟವರು. ಕನ್ನಡ ನಾಡಿನ ಊರೂರ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ತುರುಗಳನ್ನು ಬಿಡಿಸಲು ಹೋಗಿ ಸತ್ತವನು, ಊರು ಕಾಯಲು ಹೋಗಿ ಸತ್ತವನು. ಬಹುಮಟ್ಟಿಗೆ ಇವರೆಲ್ಲ ಕಾದಾಟದಲ್ಲಿ ಬಿದ್ದವರೇ. ಕಲ್ಲನ್ನು ನಿಲ್ಲಿಸಿ ಕಣ್ಣೊರೆಸಿಕೊಂಡು ಜನ ಸುಮ್ಮನೆ ಮನೆಗೆ ಹೋಗಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಕೊಟ್ಟರು. ನೆತ್ತರುಗೊಡಗೆ ಎಂದು ಅದರ ಹೆಸರು. ಆ ಶಬ್ದವನ್ನು ಉಚ್ಚರಿಸುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಣ್ಣೀರಿಗೆ ಒಂದು ಎಕರೆ ಹೊಲದಷ್ಟು ತೂಕವಿರಬೇಕೆಂದು ತಿಳಿದವರು ಅವರು.

ರನ್ನ ಹುಟ್ಟಿದನೆಂದು ಹೇಳುವ 949ರ ಆಸುಪಾಸಿನಲ್ಲಿಯೇ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಿಂತ ಕಲ್ಲೊಂದುಂಟು. ಮಣಲೇರನೆಂಬ ವೀರ, ರಾಜ ಮೆಚ್ಚಿ ಏನು ಬೇಕೆಂದು ಕೇಳಿದಾಗ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿ ಒಂದು ಕಾಡುಹಂದಿಯೊಡನೆ ಹೋರಾಡಿ, ಅದೂ ಹಂದಿಯೂ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ನಾಯಿಯ ಪಾಪವೆಲ್ಲ ತಟ್ಟಲೆಂದು ಬರೆಯಿಸಿದರು. ಮುಧೋಳದ ನಾಯಿಗಳನ್ನು ಸಾಕಿದ ಸೀಮೆಯವರಾದ ನಮಗೆ ಇದು ಬೇಗ ಅರ್ಥವಾದೀತು. ನಾಯಿ ಮಣಲೇರನಿಗೆ ಏನಾಗಬೇಕು ಎಂದು ಅಂದು ಯಾರೂ ಕೇಳಿದಂತೆ ಕಾಣುವುದಿಲ್ಲ.

ಅಭಿಮಾನಿಗಳ ದುಃಖವೆಲ್ಲ ಪವಿತ್ರವೆಂದು ನಾನು ಹೇಳುತ್ತಿಲ್ಲ. 2006ರ ಏಪ್ರಿಲ್‌ನಲ್ಲಿ ಡಾ. ರಾಜಕುಮಾರರು ತೀರಿಕೊಂಡಾಗ ಬೆಂಗಳೂರಿನಲ್ಲಿ ನಡೆದ ದಾಂಧಲೆಯಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಅದೇ ಮನೆತನದ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ನಾಲ್ವತ್ತಾರರ ವಯಸ್ಸಿನಲ್ಲಿ ಹಠಾತ್ತನೆ ಹೋದಾಗ, ತಂದೆಯಂತೆ ಮಗನ ಕಣ್ಣುಗಳೂ ದಾನವಾದವು. ಅದನ್ನು ಕಂಡು ಕಣ್ಣು ಕೊಡುತ್ತೇವೆಂದು ಜನ ಸಾಲುಗಟ್ಟಿ ಹೆಸರು ಬರೆಯಿಸಿದರು. ಹದಿನೈದು ವರ್ಷಗಳ ಅಂತರ. ಅಳಲಿಕ್ಕೆ ಏನಾದರೂ ಕೆಲಸ ಸಿಗದಿದ್ದರೆ ಅದು ಕಲ್ಲು ಹಿಡಿಯುತ್ತದೆ. ಸಿಕ್ಕರೆ ಕಲ್ಲು ನಿಲ್ಲಿಸುತ್ತದೆ. ಬೆಂಗಳೂರಿನ ಹಲಸೂರಿನ ಬಳಿ ಗೌತಮಪುರವೆಂಬ ಬಡವರ ಬೀದಿಯೊಂದಿದೆ. ಕಾಲ್ಚೆಂಡಾಟಗಾರರ ಬೀದಿ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಬ್ರಜಿಲ್ ದೇಶದ ಪೆಲೆಯ ಪ್ರತಿಮೆಯೂ ಇದೆ. 2022ರ ಡಿಸೆಂಬರ್ 29ರಂದು ಪೆಲೆ ತೀರಿಕೊಂಡಾಗ ಆ ಬೀದಿಯವರು ಮನೆಯ ಹಿರಿಯನನ್ನು ಕಳೆದುಕೊಂಡಂತೆ ಶೋಕಿಸಿದರು. ನನಗೆ ಅದು ಈ ಕಾಲದ ವೀರಗಲ್ಲು. ಆದರೆ ಅದೇ ಬೆಂಗಳೂರಿನ ಅಹ್ಮದ್ ಖಾನರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು ಎಂದು ಕೇಳಬೇಕೆನಿಸುತ್ತದೆ. ಮೈಸೂರು ತಂಡ 1946, 1952, 1967, 1968ರಲ್ಲಿ ಸಂತೋಷ್ ಟ್ರೋಫಿ ಗೆದ್ದ ನೆನಪೂ ನಮಗಿರಲಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾಧ್ ನಗರದಲ್ಲಿ ಕರ್ನಾಟಕ ಅದನ್ನು ಮರಳಿ ಗೆದ್ದಾಗ, ಐವತ್ನಾಲ್ಕು ವರ್ಷಗಳ ಮೇಲೆ ಎಂದು ಪತ್ರಿಕೆಗಳು ಬರೆದಾಗಲೇ ಅದು ಹೊರಬಂದದ್ದು.

ಕಾರ್ಲ್‌ಟನ್ ಚಾಪ್‌ಮನ್ ಹೆಸರನ್ನು ನಾನು ಕೇಳಿದ್ದೂ ಮಾವನಿಂದಲೇ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಹುಡುಗ ಜಮ್ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದಾಗ, "ನಮ್ಮ ಅಹ್ಮದ್‌ನ ಜಾಗಾಕ್ಕ ಮತ್ತ ಬೆಂಗಳೂರಾವs ಬಂದಾನ" ಎಂದು ಮಾವ ಪೇಢೆ ಹಂಚಿದ್ದರು. ಅದೇ ವರ್ಷ ಇರಾಕಿನ ಅಲ್ ಜವ್ರಾ ಎಂಬ ಬಲಾಢ್ಯ ಕ್ಲಬ್ಬನ್ನು ಏಷ್ಯದ ಪಂದ್ಯಾವಳಿಯೊಂದರಲ್ಲಿ ಈಸ್ಟ್ ಬೆಂಗಾಲ್ 6-2ರಿಂದ ಮಣಿಸಿತು; ಆರರಲ್ಲಿ ಮೂರು ಗೋಲು ಚಾಪ್‌ಮನ್‌ರವು. ಮುಂದೆ ಪಂಜಾಬಿನ ಜೆ.ಸಿ.ಟಿ. ತಂಡದಲ್ಲಿ ವಿಜಯನ್, ಭುಟಿಯಾ ಅವರೊಡನೆ ಆಡಿ 1997ರಲ್ಲಿ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದರು. ಅದೇ ವರ್ಷ ಭಾರತ ತಂಡದ ನಾಯಕರಾಗಿ ಸ್ಯಾಫ್ ಕಪ್ ಗೆದ್ದರು. ಮರಳಿ ಈಸ್ಟ್ ಬೆಂಗಾಲಿಗೆ ಬಂದು ಅದರ ನಾಯಕರಾಗಿ 2001ರಲ್ಲಿ ಲೀಗ್ ಗೆದ್ದುಕೊಟ್ಟು ಆಟ ನಿಲ್ಲಿಸಿದರು. ಆಮೇಲೆ ಊರೂರು ತಿರುಗಿ ಹುಡುಗರಿಗೆ ಆಟ ಕಲಿಸಿದರು. 2020ರ ಅಕ್ಟೋಬರ್ 12ರ ನಸುಕಿನಲ್ಲಿ, ನಾಲ್ವತ್ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರ ಹೃದಯ ನಿಂತಿತು.

ಅದು ಕೊರೋನಾದ ವರ್ಷ. ಆಟದ ಅಂಗಳಗಳಲ್ಲಿ ಜನವಿಲ್ಲ. ದುಃಖಿಸಲಿಕ್ಕೆ ಒಂದೆಡೆ ಕೂಡುವುದೂ ಅಪಾಯವಾಗಿದ್ದ ಕಾಲ. ಒಡನಾಡಿ ವಿಜಯನ್ ತಮ್ಮನನ್ನು ಕಳೆದುಕೊಂಡಂತೆ ಅತ್ತದ್ದನ್ನು ಪತ್ರಿಕೆಯಲ್ಲಿ ಓದಿದೆ. ಕಲಕತ್ತೆಯಲ್ಲಿ, ಬೆಂಗಳೂರಿನಲ್ಲಿ, ಎಷ್ಟು ಜನ ತಮ್ಮ ತಮ್ಮ ಹಿತ್ತಲಗಳಲ್ಲಿ ಒಬ್ಬೊಬ್ಬರೇ ನಿಂತಿದ್ದರೋ! ನಾನು ಚಾಪ್‌ಮನ್ ಆಡಿದ್ದನ್ನು ಒಮ್ಮೆಯೂ ನೋಡಿದವನಲ್ಲ. ಆದರೂ ಆ ಸುದ್ದಿಯನ್ನು ಯಾರಿಗೋ ಹೇಳಬೇಕಾಗಿತ್ತು, ಹೇಳಬೇಕಾದವರು ಇರಲಿಲ್ಲ. ಜಮಖಂಡಿಯಿಂದ ಬನಹಟ್ಟಿಗೆ ಅರ್ಧ ಗಂಟೆಯ ದಾರಿ. ಮಧ್ಯಾಹ್ನದ ಹೊತ್ತಿಗೆ ಹೋದೆ.

ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ಬಾಯಿಗೆ ಕಟ್ಟಿಕೊಂಡ ಬಟ್ಟೆಯನ್ನು ಬಿಚ್ಚದೆ ದೂರದಲ್ಲಿಯೇ ನಿಂತು ಹೇಳಿದೆ. ಮಾಮಾನ ಕ್ಲಬ್ಬಿನವ, ಬೆಂಗಳೂರಿನ ಹುಡುಗ, ಪೇಢೆ ಹಂಚಿದ್ದರಲ್ಲ, ಆಂವ ಹೋದ. ಅವರು ವಯಸ್ಸು ಕೇಳಿದರು. ನಾಲ್ವತ್ತೊಂಬತ್ತು ಎಂದೆ. ಲೊಚಗುಟ್ಟಿದರು. ನಾನು ಚಪ್ಪಲಿ ಬಿಟ್ಟು ಮನೆಯ ಬದಿಯಿಂದ ಹಿತ್ತಲಕ್ಕೆ ಹೋಗಿ ಹೌದಿನ ಬಳಿ ನಿಂತೆ. ತಂಬಿಗೆ ಕೈಯಲ್ಲಿ ಹಿಡಿದವನಿಗೆ ಮುಂದಿನದು ಆಗಲೊಲ್ಲದು. ಯಾರಾದರೂ ನೋಡಿ ನಕ್ಕಾರೆಂಬ ಅಂಜಿಕೆ. ಅದನ್ನು ಬಚ್ಚಿಟ್ಟರೆ ಈ ಮಾತಿಗೆ ಅರ್ಥವಿಲ್ಲ.

ಹಿಂದೆ ಅತ್ತೆಯ ಕೋಲಿನ ಸದ್ದು ಕೇಳಿಸಿತು. "ತಣ್ಣೀರ ಬ್ಯಾಡ" ಎಂದರು. "ನಿನಗೂ ಅರವತ್ತ ದಾಟ್ಯಾವು. ತಡಿ, ನೀರ ಕಾಸತೇನಿ."